ಬಂದೂಕಿನ ಜಾತಕ ಹೇಳುತ್ತಿದ್ದ ಮಾಮಾ

ನಮ್ಮ ಮಾಮಾನ ಕೈಗೆ ಬಂದೂಕು ಬಂದರೆ ಮನುಷ್ಯರು ಯಾರೂ ಹೆದರುತ್ತಿರಲಿಲ್ಲ, ಹೆದರಬೇಕಾಗಿದ್ದದ್ದು ಬಂದೂಕೇ! ಯಾಕೆಂದರೆ ಅದರ ವಯಸ್ಸು ಅಲ್ಲೇ ಬಯಲಾಗುತ್ತಿತ್ತು. ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಬೀದರಿನ ಚೌಬಾರ ಗೋಪುರದ ಹತ್ತಿರ ಬಂದೂಕು ರಿಪೇರಿಯ ಸಣ್ಣ ದುಕಾನು ಇಟ್ಟಿದ್ದ. ಹೆಂಡತಿಯ ವಯಸ್ಸೆಷ್ಟು ಎಂದು ಕೇಳಿದರೆ ಬೆರಳು ಎಣಿಸಲು ಶುರುಮಾಡಿ ಅರ್ಧಕ್ಕೇ ಕೈಬಿಡುತ್ತಿದ್ದ ಈ ಮನುಷ್ಯ, ಅಮೆರಿಕದಿಂದ ಹಡಗು ಹತ್ತಿ ಬಂದ ಬಂದೂಕನ್ನು ಒಮ್ಮೆ ಸವರಿ, "ಮೊದಲ್ನೇ ಮಹಾಯುದ್ಧಕ್ಕಿಂತ ಮುಂಚಿಂದು ಅದ" ಎನ್ನುತ್ತಿದ್ದ.

ಅದರಲ್ಲೂ ಪಂಪ್ ಬಂದೂಕೆಂದರೆ ಅವನಿಗೆ ಪ್ರಾಣ. ನಳಿಗೆಯ ಕೆಳಗಿನ ಮರದ ಹಿಡಿಕೆಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಹೊಸ ತೋಟಾ ಒಳಗೆ ಬಂದು ಕೂರುವ ಬಂದೂಕು ಅದು. ನಿಜಾಮನ ಕಾಲದಲ್ಲಿ ಜಾಗೀರದಾರರು ಷೋಕಿಗೆ ತರಿಸಿದ್ದು, ಆಮೇಲೆ ಕೈಯಿಂದ ಕೈಗೆ ದಾಟಿ ರೈತರ ಮನೆಗೂ ಬಂದಿತ್ತು. ಕಂಪನಿ ಅದೇ, ಹೆಸರು ಅದೇ, ಆದರೆ ಮಾಲು ಅದೇ ಅಲ್ಲ ಎಂಬುದು ಮಾಮಾನ ಸಿದ್ಧಾಂತ. ಹಳೆಯದರ ಹಿಡಿಕೆಯ ಮೇಲಿನ ಗೆರೆಗಳನ್ನು ಯಾರೋ ಕೂತು ಕೈಯಿಂದ ಕೊರೆದಿರುತ್ತಾರಂತೆ. ಆಮೇಲಿನವುಗಳಲ್ಲಿ ಗೆರೆ ಆಳವಿಲ್ಲ. ಹಳೆಯ ಉಕ್ಕನ್ನು ಕನ್ನಡಿಯಾಗುವಂತೆ ಉಜ್ಜಿ ಆಮೇಲೆ ನೀಲಿಗಪ್ಪು ಬಣ್ಣ ಏರಿಸಿದ್ದು. ಹೊಸದರಲ್ಲಿ ಬಣ್ಣದ ಕೆಳಗೆ ಅರದ ಗೀರುಗಳು ಹಾಗೇ ಉಳಿದಿರುತ್ತವೆ. "ಮನಷ್ಯಾಗ ಅವಸರ ಹುಟ್ಟಿದ್ದು ಯಾವಾಗ ಅಂತ ಇದರಾಗ ಕಾಣ್ತದ ನೋಡು" ಎಂದು ನನ್ನ ಹೆಬ್ಬೆರಳನ್ನು ಹಿಡಿದು ಆ ಗೀರುಗಳ ಮೇಲೆ ತಿಕ್ಕಿಸುತ್ತಿದ್ದ. ಅತ್ತೆ ಒಳಗಿನಿಂದ ಕೂಗುತ್ತಿದ್ದಳು: "ನನ್ನ ರೊಟ್ಟಿನೂ ಯುದ್ಧಕ್ಕಿಂತ ಮೊದಲ ಚಲೋ ಇದ್ದುವಂತ! ಈಗಿನವು ಅವಸರದ ಮಾಲಂತ! ಇವನ್ನೇ ತಿಂದು ಗುಂಡಗ ಆಗ್ಯಾನ!"

ಈ ವಿದ್ಯೆಯನ್ನು ದುಕಾನಿನಲ್ಲೇ ಬಿಟ್ಟು ಬರುತ್ತಿದ್ದನೇ? ಎಲ್ಲಿ! ಔರಾದಿನ ಸಾಹುಕಾರರೊಬ್ಬರು ಬಂದೂಕು ನೋಡಿಕೊಡಲು ನಮ್ಮಿಬ್ಬರನ್ನೂ ಊಟಕ್ಕೇ ಕರೆದಿದ್ದರು. ಪಡಸಾಲೆಯ ಗೋಡೆಯ ಮೇಲೆ ದೊಡ್ಡ ಚಿತ್ರ: ಸಾಹುಕಾರರ ಅಜ್ಜ, ಕಾಲಡಿಯಲ್ಲಿ ಹುಲಿ, ಕೈಯಲ್ಲಿ ಇದೇ ಬಂದೂಕು. ಮಾಮಾ ಬಂದೂಕನ್ನು ಸವರಿದ, ಚಿತ್ರ ನೋಡಿದ, ಮತ್ತೆ ಸವರಿದ.

"ನಿಮ್ಮ ಅಜ್ಜಾರು ತೀರಿಕೊಂಡು ಎಷ್ಟು ವರ್ಷ ಆತ್ರಿ?"

ಸಾಹುಕಾರರು ಹೇಳಿದರು.

"ಹಂಗಾದ್ರ ಅವರು ಹೋದ ಮ್ಯಾಲೇ ಈ ಬಂದೂಕು ಹುಟ್ಯಾದರಿ. ಹುಲಿ ತಾನಾಗೇ ಸತ್ತಿರಬೇಕು!"

ಹೋಳಿಗೆಯ ಘಮ ಅಡುಗೆಮನೆಯಿಂದ ಬರುತ್ತಲೇ ಇತ್ತು. ನಮ್ಮ ಎಲೆಗೆ ಬಿದ್ದದ್ದು ಮಾತ್ರ ಅನ್ನ, ಸಾರು.

ನನಗೆ ಹೆಣ್ಣು ನೋಡಲು ಭಾಲ್ಕಿಗೆ ಹೋದಾಗಲೂ ಹೀಗೆಯೇ. ಹುಡುಗಿ ಬಂದು ಕೂತಿದ್ದಾಳೆ, ಮಾಮಾ ಎದ್ದು ಬಾಗಿಲ ಚೌಕಟ್ಟು ಸವರುತ್ತಿದ್ದಾನೆ! ಹುಡುಗಿಯ ಅಪ್ಪ ಮೆಲ್ಲಗೆ, "ಹುಡುಗಿ ಹ್ಯಾಂಗ ಅನಿಸಿದ್ಳರಿ?" ಎಂದು ಕೇಳಿದರು. "ಹುಡುಗಿ ಭಾಳ ಚಲೋ ಅದಾಳರಿ. ಬಾಗಲಾನೂ ಹಳೇ ಮಾಲು. ಕಿಡಕಿ ಅಷ್ಟ ಅವಸರದಾಗ ಮಾಡ್ಸೀರಿ" ಎಂದ. ನನ್ನ ಮರ್ಯಾದೆ ಅಲ್ಲೇ ನೆಲ ಕಚ್ಚಿತು. ಆದರೆ ತಲೆ ತಗ್ಗಿಸಿ ಕೂತಿದ್ದ ಹುಡುಗಿ ಫಕ್ಕನೆ ನಕ್ಕುಬಿಟ್ಟಳು. ಆ ನಗು ಕೇಳಿಯೇ ನಾನು ಒಪ್ಪಿದ್ದು. ಈ ಮೂವತ್ತು ವರ್ಷದ ಸಂಸಾರಕ್ಕೆ ನಾನು ಮಾಮಾನಿಗೆ ಋಣಿ, ಆ ಕಿಡಕಿಗೂ ಋಣಿ.

ನನ್ನ ಮದುವೆಯಾದ ಹೊಸದರಲ್ಲೇ ನಮ್ಮ ಬೀದರು ಮೈಸೂರು ರಾಜ್ಯಕ್ಕೆ ಸೇರಿತು. ಊರೆಲ್ಲ ಅದೇ ಮಾತು. ಮಾಮಾ ಮಾತ್ರ ಹೊಸ ಸರಕಾರದ ಮೊಹರು ಬಿದ್ದ ಕಾಗದವೊಂದನ್ನು ತರಿಸಿಕೊಂಡು ಹೆಬ್ಬೆರಳಿನಿಂದ ಉಜ್ಜಿ ನೋಡಿ, "ಮಸಿ ಇನ್ನಾ ಹಸಿ ಅದ. ಒಣಗಲಿ, ಆಮ್ಯಾಲ ಹೇಳ್ತೇನಿ" ಎಂದ.

ಆಗ ನಾನು ಕಚೇರಿಯಲ್ಲಿ ಗುಮಾಸ್ತ. ಹಳೆಯ ಉರ್ದು ಕಾಗದಗಳನ್ನು ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ಬಂದೂಕಿನ ಲೈಸೆನ್ಸುಗಳನ್ನೆಲ್ಲ ಹೊಸದಾಗಿ ಬರೆಯಬೇಕೆಂದು ಹುಕುಂ ಬಂತು. ಮೈಸೂರು ಕಡೆಯಿಂದ ಬಂದಿದ್ದ ಅಧಿಕಾರಿ ಮಿತಭಾಷಿ, ಕಟ್ಟುನಿಟ್ಟು. ನಿಜಾಮನ ಆಳ್ವಿಕೆ ಮುಗಿದ ಗದ್ದಲದ ವರ್ಷಗಳಲ್ಲಿ ಎಷ್ಟೋ ಬಂದೂಕುಗಳು ಕೈ ಬದಲಾಗಿದ್ದವು. ಹಾಗಾಗಿ ಕಾಗದಕ್ಕೂ ಬಂದೂಕಿಗೂ ತಾಳೆಯಾಗದಿದ್ದರೆ ಬಂದೂಕು ಜಪ್ತಿ, ಯಜಮಾನನಿಗೆ ಪೊಲೀಸ್ ಹವಾಲಾತು. ಪರೀಕ್ಷೆಗೆ ಸಹಾಯ ಮಾಡಲು ಮಾಮಾನನ್ನೇ ಕರೆಸಿದ್ದರು. ಕುರ್ಚಿ ಬೇರೆ ಹಾಕಿಸಿಕೊಟ್ಟಿದ್ದರು! ಮಾಮಾನ ಠೀವಿ ಕೇಳಬೇಕೆ?

ಮೂರನೆಯ ದಿನ ನಮ್ಮೂರು ಕಮಠಾಣದಿಂದ ಅಪ್ಪ ಬಂದ. ಕಬ್ಬಿಗೆ ನುಗ್ಗುವ ಹಂದಿ ಓಡಿಸಲು ಇಟ್ಟುಕೊಂಡಿದ್ದ ಪಂಪ್ ಬಂದೂಕನ್ನು ಮಗುವಿನಂತೆ ಎತ್ತಿಕೊಂಡು ಬಂದಿದ್ದ. "ತುದಿಯಿಂದ ತುದಿತನಕ ಒಂದೇ ಕಾಲದ ಮಾಲರಿ ಸಾಹೇಬ್ರ. ನಮ್ಮ ಹೆಂಡ್ತಿ ಅಣ್ಣನೇ ಹೇಳ್ಯಾನ, ಕೇಳ್ರಿ ಬೇಕಾದ್ರ!" ಎಂದ. ಖರೆ, ಮಾಮಾ ಅದನ್ನು ಊರಿಗೆಲ್ಲ ಹೇಳಿದ್ದ.

ಅಧಿಕಾರಿ ಬಂದೂಕನ್ನು ತಿರುಗಿಸಿ ನೋಡಿದರು. ಹಿಂದಿನ ಅಧಿಕಾರಿಗಳು ಯಾರೂ ಇಷ್ಟು ತಿರುಗಿಸಿರಲಿಲ್ಲ. "ಏನ್ರೀ ಇದು? ಮೈ ಮೇಲೆ ಒಂದು ನಂಬರು, ನಳಿಗೆ ಮೇಲೆ ಇನ್ನೊಂದು ನಂಬರು! ಈ ನಳಿಗೆ ಯಾರದ್ದು? ಎಲ್ಲಿಂದ ಬಂತು?"

ಅಪ್ಪ ನನ್ನ ಕಡೆ ತಿರುಗಿದ. ನನ್ನ ಕೈಯಲ್ಲಿದ್ದ ಉರ್ದು ಕಾಗದದಲ್ಲಿ ಇದ್ದದ್ದು ಒಂದೇ ನಂಬರು. ಸುಳ್ಳು ಓದಲೇ? ಎಲ್ಲರೂ ಮಾಮಾನ ಕಡೆ ನೋಡಿದೆವು. ಮಾಮಾ ಈ ಸಲ ಬಂದೂಕನ್ನು ಸವರಲಿಲ್ಲ.

ಕುರ್ಚಿಯಿಂದ ಎದ್ದ. "ಸಾಹೇಬ್ರ, ಮೈ ಮೊದಲ್ನೇ ಯುದ್ಧಕ್ಕಿಂತ ಮುಂಚಿಂದು, ನಳಿಗಿ ಆಮ್ಯಾಲಿಂದು. ಗೀರು ಕಾಣಬಾರದು ಅಂತ ಮತ್ತ ಉಜ್ಜಿ ಬಣ್ಣ ಏರ್ಸಿದಾಂವ ನಾನು. ರಿಪೇರಿಗೆ ಬಂದಾಗ ಹಳೇ ನಳಿಗಿ ನನ್ನ ಕೈಯಾಗೇ ಹಾಳಾತು. ಬದಲಿ ಹಾಕಿ ಮುಚ್ಚಿಟ್ಟೆ. ರಿಜಿಸ್ಟರದಾಗ ಬರೀಲಿಲ್ಲ. ಈ ಮನಷ್ಯಾಗ ಏನೂ ಗೊತ್ತಿಲ್ರಿ." ಹಿಡಿಕೆ ಬಿಚ್ಚಿ ತೋರಿಸಿದ. ಯಾರಿಗೂ ಕಾಣದ ಜಾಗದಲ್ಲಿ, ನಳಿಗೆಯ ಕೆಳಗೆ, ಅವನು ಮಾಡಿದ ಪ್ರತಿ ಕೆಲಸಕ್ಕೂ ಹಾಕುತ್ತಿದ್ದ ಸಣ್ಣ ತ್ರಿಶೂಲದ ಗುರುತು ಇತ್ತು.

ಅಪ್ಪ ಬಚಾವಾದ. ಬರೆಯದೆ ನಳಿಗೆ ಬದಲಿಸಿದ್ದಕ್ಕೆ ಮಾಮಾನ ರಿಪೇರಿ ಪರವಾನಗಿ ಅದೇ ದಿನ ರದ್ದಾಯಿತು.

ಮನೆಗೆ ಬಂದ ಅಪ್ಪ ಕೆಂಡಾಮಂಡಲ. "ಇಷ್ಟು ವರ್ಷ ಒಂದೇ ಕಾಲದ ಮಾಲು ಅಂತ ನಂಬಿಸಿದ್ನಲ್ಲ! ಅವನ ಮನಿ ಹೊಸ್ತಿಲಾ ತುಳಿಯಂಗಿಲ್ಲ ನಾ!" ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಹೊರಗೆ ಬಂದಳು. ಕೈಯೆಲ್ಲ ಜೋಳದ ಹಿಟ್ಟು.

"ಅಣ್ಣ ಅಲ್ರಿ. ಹಾಳ ಮಾಡಿದಾಕಿ ನಾನು."

ಅವ್ವನ ಮದುವೆಯಾದ ಮೊದಲ ದಸರೆಯಂತೆ. ಅಪ್ಪ ಪರ ಊರಿಗೆ ಹೋಗಿದ್ದ. ಆಯುಧ ಪೂಜೆಗೆ ಬಂದೂಕು ಕರ್ರಗೆ ಇದೆಯಲ್ಲ, ಗಂಡ ಬರುವಷ್ಟರಲ್ಲಿ ಬೆಳ್ಳಗೆ ಮಾಡೋಣ ಎಂದು ಹೊಸ ಸೊಸೆ ತಾಮ್ರದ ಕೊಡ ತೊಳೆದಂತೆ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿದ್ದಾಳೆ. ಒಳಗೂ ಸ್ವಚ್ಛವಾಗಲಿ ಎಂದು ನಳಿಗೆಯ ತುಂಬ ಹುಣಸೆನೀರು ಹೊಯ್ದು ಎರಡು ದಿನ ನಿಲ್ಲಿಸಿದ್ದಾಳೆ! ಉಕ್ಕು ತೂತು ತೂತು. ಗಂಡನ ಸಿಟ್ಟಿಗೆ ಹೆದರಿ, ಕೌದಿಯಲ್ಲಿ ಸುತ್ತಿಕೊಂಡು ಎತ್ತಿನ ಗಾಡಿ ಹತ್ತಿ ಅಣ್ಣನ ಬಳಿಗೆ ಓಡಿದ್ದಾಳೆ. ಅಣ್ಣ ಬೈಯಲಿಲ್ಲವಂತೆ. "ಕಣ್ಣೀರು ಒರಸ್ಕೊ, ನಿನ್ನ ಗಂಡಗ ಜನ್ಮದಾಗ ಗೊತ್ತಾಗಂಗಿಲ್ಲ" ಎಂದಷ್ಟೇ ಹೇಳಿದ್ದನಂತೆ.

"ಹುಣಸಿಹಣ್ಣಾ?!" ಎಂದ ಅಪ್ಪ. ಮರುದಿನ ಮುಂಜಾನೆ ಮಾಮಾನ ಹೊಸ್ತಿಲನ್ನು ಎಲ್ಲರಿಗಿಂತ ಮೊದಲು ತುಳಿದವನು ಅವನೇ.

ಮಾಮಾ ಆಮೇಲೆ ಸ್ಟೋವು, ಹೊಲಿಗೆ ಯಂತ್ರ ರಿಪೇರಿ ಮಾಡಿಕೊಂಡು ಬಾಳಿದ. ಅವುಗಳ ಜಾತಕವನ್ನೂ ಹೇಳಿದ. ಈಗ ಅವನಿಲ್ಲ. ಬದುಕಿದ್ದಾಗ ನಾನು ಒಂದು ದಿನವೂ ಅವನಿಗೆ ಉಪಕಾರವಾಯಿತು ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಅದಕ್ಕೇ ಈಗ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಆ ಪರೀಕ್ಷೆಯ ದಿನಗಳಲ್ಲೇ ಅಪ್ಪನ ಹೊಸ ಲೈಸೆನ್ಸನ್ನು ಕನ್ನಡದಲ್ಲಿ ಬರೆದದ್ದು ನಾನೇ. ಮನೆಗೆ ತಂದಾಗ ಅವ್ವ, "ನಳಿಗಿದು ಏನಂತ ಬರ್ದೀದಿ, ಓದು" ಎಂದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. 'ನಳಿಗೆ ಹಾಳು ಮಾಡಿ ಬದಲಿಸಿದವರು' ಎಂದು ಓದಿ, ಮುಂದೆ ಬರೆದಿದ್ದ ಮಾಮಾನ ಹೆಸರನ್ನು ಓದಿದೆ.

"ನನ್ನ ಹೆಸರು ಎಲ್ಲೂ ಇಲ್ಲೇನು?"

"ಇಲ್ಲವ್ವಾ."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಅಣ್ಣನ ಹೆಸರು ಇನ್ನೊಮ್ಮೆ ಓದು" ಎಂದಳು. ನಾನು ಇನ್ನೊಮ್ಮೆ ಓದಿದೆ.