ಎರಡು ಮಿಲಿಯ ಟ್ಯಾಂಕು

“ರುಂಡ ಹೋದ ಮೇಲೆ ಈ ಮುಂಡ ಇಟ್ಕೊಂಡು ಏನು ಮಾಡೋದು?”

ಶನಿವಾರ ಬೆಳಿಗ್ಗೆ ಮಂಚದ ಅಂಚಿನಲ್ಲಿ, ಒಂದೇ ಕಾಲಿಗೆ ಕಾಲುಚೀಲ ಏರಿಸಿಕೊಂಡು ಕೂತಿದ್ದ ಲಿಸಿಯಾಟೆ ಹೀಗೆ ಕೇಳಿದ. ಕೇಳಿಸಿಕೊಳ್ಳಲು ಕೋಣೆಯಲ್ಲಿ ಯಾರೂ ಇರಲಿಲ್ಲ. ಅವನ ಕೈಯಲ್ಲಿ ಪೆನ್ನಿನಷ್ಟು ಉದ್ದದ ಬ್ಯಾಟರಿಯ ಕಡ್ಡಿಯೊಂದಿತ್ತು. ಅದರ ತಲೆ, ಅಂದರೆ ಹೊಗೆಯ ರಸ ತುಂಬುವ ಪುಟ್ಟ ಗಾಜಿನ ಟ್ಯಾಂಕು, ಹಾಸಿಗೆಯ ಮೇಲೆ ಚೂರುಚೂರಾಗಿ, ಮಾವಿನ ಹಣ್ಣಿನ ಪರಿಮಳ ಬೀರುತ್ತ ಬಿದ್ದಿತ್ತು. ನೂರಿಪ್ಪತ್ತು ಕಿಲೋ ತೂಗುವ ಲಿಸಿಯಾಟೆ ಅದರ ಮೇಲೆ ಕೂತಿದ್ದ.

ಎಲೆಕ್ಟ್ರಾನಿಕ್ ಸಿಗರೇಟು ಎಂಬ ಆ ಸಾಧನ ಅವನ ಬಾಳಿಗೆ ಬಂದು ಒಂಬತ್ತೇ ದಿನವಾಗಿತ್ತು. ತಂದುಕೊಟ್ಟವಳು ಹೆಂಡತಿ ಕಲೊಲೈನೆ. ತರಿಸಿದ್ದು ಹೆನೆಲೆಯ ಮೂಗು.

ಹೆನೆಲೆ, ಟೊಂಗಾ ದ್ವೀಪದಿಂದ ವಲಸೆ ಬಂದವರು ಓಟಾಹುಹುವಿನಲ್ಲಿ ಕಟ್ಟಿಕೊಂಡ ಚರ್ಚಿನ ಬ್ಯಾಂಡ್ ಮಾಸ್ತರ. ಎಪ್ಪತ್ತು ವರ್ಷ. ಕಣ್ಣು ಸ್ವಲ್ಪ ಮಂದ, ಮೂಗು ಮಾತ್ರ ಬೇಟೆನಾಯಿಗೆ ಪಾಠ ಹೇಳುವಂಥದ್ದು. ಅಭ್ಯಾಸದ ದಿನ ಸಭಾಂಗಣದ ಬಾಗಿಲಲ್ಲಿ ನಿಂತು ಒಬ್ಬೊಬ್ಬ ವಾದ್ಯಗಾರನನ್ನೂ ಮೂಸಿ ಒಳಗೆ ಬಿಡುತ್ತಿದ್ದ. “ದೇವರು ಉಸಿರು ಕೊಟ್ಟಿರೋದು ಸ್ತೋತ್ರ ಊದೋಕೆ, ಹೊಗೆ ಊದೋಕಲ್ಲ” ಎಂಬುದು ಅವನ ಮಾತು. ಲಿಸಿಯಾಟೆ ಆಗಲೇ ಎರಡು ಸಲ ಸಿಕ್ಕಿಬಿದ್ದಿದ್ದ. ಮೂರನೆಯ ಸಲ ಸಿಕ್ಕಿಬಿದ್ದರೆ ನಾಳೆಯ ವಾರ್ಷಿಕೋತ್ಸವದಲ್ಲಿ ಯುಫೋನಿಯಂ ಎಂಬ ಹಿತ್ತಾಳೆಯ ಕಹಳೆ ಹಿಡಿದು ಅವನೊಬ್ಬನೇ ನುಡಿಸಬೇಕಾದ ಸ್ತೋತ್ರ ಕಲೊಲೈನೆಯ ತಮ್ಮ ತೊಮಾಸಿಯ ಪಾಲಾಗುತ್ತಿತ್ತು. ಹನ್ನೊಂದು ವರ್ಷ ಹಿಂದಿನ ಸಾಲಿನಲ್ಲಿ ಕೂತು ಕಾದ ಮೇಲೆ ಲಿಸಿಯಾಟೆಗೆ ಒಲಿದ ಅವಕಾಶ ಅದು. ತೊಮಾಸಿಯಾದರೋ ವಾರವಿಡೀ ತನ್ನ ವಾದ್ಯವನ್ನು ತಿಕ್ಕಿ ತಿಕ್ಕಿ, ಅದರೆದುರು ನಿಂತು ಗಡ್ಡ ಹೆರೆದುಕೊಳ್ಳುವಷ್ಟು ಹೊಳಪು ತಂದಿದ್ದ.

ಅಭ್ಯಾಸ ನಾಲ್ಕು ಗಂಟೆಗೆ. ಅಲ್ಲಿಯವರೆಗೆ ಕಡ್ಡಿಯ ಆಸರೆಯಿಲ್ಲದೆ, ಸಿಗರೇಟನ್ನೂ ಮುಟ್ಟದೆ ಇರುವ ಶಕ್ತಿ ತನಗಿಲ್ಲ ಎಂಬ ವಿಷಯದಲ್ಲಿ ಲಿಸಿಯಾಟೆಗೆ ಯಾವ ಭ್ರಮೆಯೂ ಇರಲಿಲ್ಲ.

“ಕಲೊ, ಟ್ಯಾಂಕ್ ಹೋಯ್ತು ಕಣೆ,” ಎಂದು ಅಡುಗೆಮನೆಗೆ ಕೂಗಿದ.

“ಕೂರೋ ಮುಂಚೆ ಹಿಂದೆ ತಿರುಗಿ ನೋಡೋ ಪದ್ಧತಿ ನಿಮ್ಮ ವಂಶದಲ್ಲೇ ಇಲ್ಲ,” ಎಂದಳು ಅವಳು. “ಹೋಗಿ ಇನ್ನೊಂದು ತಗೊಂಬಾ. ಕಡ್ಡಿಗೆ ಹೊಂದೋದು ನೋಡಿ ತಗೋ. ಎಲ್ಲಾ ಟ್ಯಾಂಕೂ ಎಲ್ಲಾದಕ್ಕೂ ಕೂರಲ್ವಂತೆ.”

“ಯಾರಿಗೂ ಹೇಳ್ಬೇಡ ಮಾರಾಯ್ತಿ. ಇಷ್ಟು ದೊಡ್ಡ ಗಂಡಸು ಕೂಸಿನ ಥರ ಪೆನ್ನು ಚೀಪ್ತಾನೆ ಅಂತ ಗೊತ್ತಾದ್ರೆ ಚರ್ಚಿಗೆ ಮುಸುಕು ಹಾಕ್ಕೊಂಡು ಹೋಗ್ಬೇಕಾಗುತ್ತೆ.”

“ನಾನ್ಯಾಕೆ ಹೇಳ್ಲಿ? ನನ್ನ ಮರ್ಯಾದೆ ನಂಗಿಲ್ವಾ?”

ಗೇಟು ದಾಟುವಷ್ಟರಲ್ಲಿ ಪಕ್ಕದ ಮನೆಯ ಫೆಲೆಟಿ ಅಡ್ಡ ಬಂದ. ಫೆಲೆಟಿ ಕೊಳಾಯಿ ಕೆಲಸದವನು. ಪರರ ಕಷ್ಟವೆಂದರೆ ಅವನಿಗೆ ಹಬ್ಬದೂಟ.

“ಎಲ್ಲಿಗಣ್ಣಾ, ಇಷ್ಟು ಅವಸರ?”

“ಒಂದು ಟ್ಯಾಂಕ್ ಬೇಕಿತ್ತು,” ಎಂದ ಲಿಸಿಯಾಟೆ. ಆಡಿದ ಮೇಲೆ ನಾಲಗೆ ಕಚ್ಚಿಕೊಂಡ.

“ಟ್ಯಾಂಕಾ! ನನ್ನ ಕೇಳ್ದೆ ಹೊರಟ್ಯಾ? ಇಪ್ಪತ್ತೆರಡು ವರ್ಷದಿಂದ ಅದೇ ಅಲ್ವಾ ನನ್ನ ಕಸುಬು? ಮೊದಲು ತಿರುಪು ನೋಡು. ಒಳಸುತ್ತಾ, ಹೊರಸುತ್ತಾ?”

ಲಿಸಿಯಾಟೆ ಜೇಬಿನೊಳಗೇ ಬೆರಳಾಡಿಸಿ ಕಡ್ಡಿಯ ತುದಿಯನ್ನು ತಡವಿ ನೋಡಿದ. “ಒಳಸುತ್ತು ಅನ್ಸುತ್ತೆ.”

“ಹಂಗಾದ್ರೆ ಟ್ಯಾಂಕಿಗೆ ಹೊರಸುತ್ತು ಇರ್ಬೇಕು. ಅಳತೆ ಸರಿ ಇದ್ರೆ ಎರಡು ಬೆರಳಲ್ಲೇ ತಿರುಗಿ ಕೂರುತ್ತೆ. ಬಿಗಿ ಮಾಡಕ್ಕೆ ಹೋದ್ಯೋ, ಸುತ್ತೇ ಹಾಳು. ರಬ್ಬರ್ ಬಳೆ ಇದೆಯಾ ನೋಡು. ಕಂಠದ ತನಕ ತುಂಬ್ಬೇಡ. ತುಂಬಿದ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಬಿಟ್ಟು, ಸೋರುತ್ತಾ ನೋಡು.”

ಇಷ್ಟೊಂದು ತಿಳಿದವನು ಬಗಲಲ್ಲೇ ಇದ್ದನಲ್ಲ ಎಂದು ಲಿಸಿಯಾಟೆಗೆ ಆಶ್ಚರ್ಯವಾಯಿತು.

“ಎಷ್ಟು ಹಿಡೀಬೇಕು?”

“ಚಿಕ್ಕದೇ ಸಾಕಪ್ಪ. ನಂದು ಇದೇ ಮೊದಲ ಸಲ.”

“ಮೊದಲ ಸಲ ಅಂತ ಚಿಕ್ಕದು ತಗೋಬೇಡ ಅಣ್ಣ, ಆಮೇಲೆ ಸಾಲಲ್ಲ. ಅಂದ ಹಾಗೆ ಯಾರಿಗೆ?”

“ಅದೊಂದು ಕೇಳ್ಬೇಡ. ಗುಟ್ಟು. ಯಾರಿಗೂ ಗೊತ್ತಾಗಬಾರ್ದು.”

ಫೆಲೆಟಿಯ ಕಣ್ಣಂಚಿನಲ್ಲಿ ನೀರಾಡಿತು. ಒಳಗೆ ಹೋಗಿ, ಪೈಪು ಜೋಡಿಸುವ ಎರಡಂಗುಲದ ಹಿತ್ತಾಳೆಯ ಕೊಂಡಿಯೊಂದನ್ನು ತಂದು ಲಿಸಿಯಾಟೆಯ ಕೈಗಿಟ್ಟ. “ನನ್ನದೂ ಒಂದು ಅಳಿಲು ಸೇವೆ,” ಎಂದು ಮುಖ ತಿರುಗಿಸಿಕೊಂಡ. ಕೊಂಡಿ ಒಂದು ಕಿಲೋ ತೂಗುತ್ತಿತ್ತು. ಬೇಡವೆಂದರೆ ಮತ್ತೆ ಹತ್ತು ಪ್ರಶ್ನೆ. ಲಿಸಿಯಾಟೆ ಅದನ್ನು ಹೊತ್ತುಕೊಂಡೇ ಬಸ್ಸು ಹತ್ತಿದ.

ಅಂಗಡಿಯವಳು ರೇವಿನ್, ಅರವತ್ತರ ಹೆಂಗಸು. ನಲವತ್ತು ವರ್ಷ ಸೇದಿದ ದನಿ, ಜಲ್ಲಿಯ ಮೇಲೆ ಗಾಡಿ ಓಡಿದಂತೆ ಬರುತ್ತಿತ್ತು.

“ಇದೇನು ರಾಜ, ಫಿರಂಗಿನಾ?” ಎಂದು ಕೊಂಡಿಯನ್ನು ನೋಡಿ ಕೇಳಿದಳು.

ಲಿಸಿಯಾಟೆ ಕೊಂಡಿಯನ್ನು ಕೆಳಗಿಟ್ಟು, ಸುತ್ತಮುತ್ತ ಯಾರೂ ಇಲ್ಲವೆಂದು ಖಾತ್ರಿಪಡಿಸಿಕೊಂಡು, ಕಡ್ಡಿಯನ್ನು ಹೊರತೆಗೆದ. “ಇದಕ್ಕೊಂದು ತಲೆ ಬೇಕು.”

“ಎಷ್ಟು ಓಮ್?”

ಅದು ಆಮೆನ್ ಎಂಬುದರ ದಾಯಾದಿ ಇರಬಹುದೆಂದು ಲಿಸಿಯಾಟೆಗೆ ಅನ್ನಿಸಿತು. “ನೀವು ಹೇಳ್ದಷ್ಟು,” ಎಂದ ಭಕ್ತಿಯಿಂದ.

ರೇವಿನ್ ನಿಟ್ಟುಸಿರು ಬಿಟ್ಟಳು. ಆದರೆ ಅವಳು ವಿವರಿಸುವವರೆಗೆ ಕಾಯುವ ತಾಳ್ಮೆ ಲಿಸಿಯಾಟೆಗಿರಲಿಲ್ಲ. ಗಾಜಿನ ಕಪಾಟಿನಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಹೊಳೆಯುತ್ತಿದ್ದುದಕ್ಕೆ ಬೆರಳು ಮಾಡಿದ. ತಿರುಪು ಕೂಡಿತು. ಕಡ್ಡಿಯ ಮೇಲೆ ಕುಂಬಳಕಾಯಿ ಕೂತಂತೆ ಕಂಡಿತು. ಗುಂಡಿ ಒತ್ತಿದರೆ ಬ್ಯಾಟರಿಯ ದೀಪ ಪಿಳಿಪಿಳಿ ಎಂದು ಕಣ್ಣು ಮಿಟುಕಿಸಿ ಆರಿಹೋಯಿತು.

“ತಿರುಪು ಕೂಡಿದ ಮಾತ್ರಕ್ಕೆ ಸಂಸಾರ ಆಗುತ್ತಾ?” ಎಂದಳು ರೇವಿನ್. “ಇದರೊಳಗೆ ರಸ ಕಾಯಿಸೋ ಸುರುಳಿ ಅರ್ಧ ಓಮಿಂದು, ಓಮ್ ಕಮ್ಮಿ ಆದಷ್ಟೂ ಕರೆಂಟು ಜಾಸ್ತಿ ಎಳೆಯುತ್ತೆ. ಅದಕ್ಕೆ ಎತ್ತಿನಂಥ ಬ್ಯಾಟರಿ ಬೇಕು. ನಿಂದು ಹಾಲು ಕುಡಿಯೋ ಕರು. ನಂಗಾಗಲ್ಲ ಅಂತ ಕಣ್ಣು ಮಿಟುಕಿಸ್ತಾ ಇದೆ ಪಾಪ.”

ಎರಡನೆಯದು ಚೆಲುವಾಗಿತ್ತು, ತೆಳ್ಳಗಿತ್ತು, ಆದರೆ ಅದರ ಸುತ್ತು ಅಗಲ. ಕಡ್ಡಿಯ ಮೇಲೆ ಅಪ್ಪನ ಟೋಪಿ ಹಾಕಿಕೊಂಡ ಹುಡುಗನಂತೆ ಅಲುಗಾಡಿತು. ಲಿಸಿಯಾಟೆ ಬಲವಂತ ಮಾಡಲು ಹೋದಾಗ ಫೆಲೆಟಿಯ ಮಾತು ನೆನಪಾಗಿ ಕೈ ಬಿಟ್ಟ. ಅದು ಉರುಳಿ ಕಪಾಟಿನ ಕೆಳಗೆ ಹೋಯಿತು. ಅದನ್ನು ತೆಗೆಯಲು ಬಾಗಿದವನು ಬೆನ್ನಿನಿಂದ ರಸದ ಬಾಟಲಿಗಳ ಗೋಪುರವೊಂದನ್ನು ಉರುಳಿಸಿದ. ಮುಕ್ಕಾಲು ಗಂಟೆ ನೆಲದ ಮೇಲೆ ತೆವಳಿ, ಪುದೀನ ಪುದೀನದ ಜೊತೆ, ಕಾಫಿ ಕಾಫಿಯ ಜೊತೆ ಜೋಡಿಸಿಕೊಡಬೇಕಾಯಿತು.

ಕೊನೆಗೆ ರೇವಿನ್ ತಾನೇ ಒಂದನ್ನು ಆರಿಸಿದಳು. “ಐನೂರ ಹತ್ತನೇ ನಂಬರಿನ ಸುತ್ತು. ಒಂದು ಬಿಂದು ಎಂಟು ಓಮ್. ಎರಡು ಮಿಲಿ ಹಿಡಿಯುತ್ತೆ. ಹೊಸಬರಿಗೆ ಅಂತಾನೇ ಮಾಡಿದ್ದು.” ಎರಡೇ ಬೆರಳಿಗೆ ತಿರುಗಿ, ಟಕ್ ಎಂದು ಕೂತಿತು. ಕಡ್ಡಿಯ ಅಗಲ ಎಷ್ಟೋ ಅದರ ಅಗಲವೂ ಅಷ್ಟೇ. ರುಂಡ ಮುಂಡ ಒಂದಾಗಿ ವೀರನೊಬ್ಬ ರಣರಂಗದಲ್ಲಿ ಎದ್ದು ಕೂತಂತೆ ಲಿಸಿಯಾಟೆಗೆ ಕಂಡಿತು. “ತುಂಬಿದ ಮೇಲೆ ಹತ್ತು ನಿಮಿಷ ಕಾಯ್ಬೇಕು. ಒಳಗಿನ ಹತ್ತಿ ನೆನೀಲಿ. ಇಲ್ದಿದ್ರೆ ಸುಟ್ಟ ಚಾಪೆ ತಿಂದ ಹಾಗಿರುತ್ತೆ,” ಎಂದು ಎಚ್ಚರಿಸಿದಳು.

ಆ ಹತ್ತು ನಿಮಿಷ ಕಳೆಯಲೆಂದು ಅವನು ಬಸ್ ನಿಲ್ದಾಣದ ಬೆಂಚಿನಲ್ಲಿ ಕೂತ. ಏಳನೆಯ ನಿಮಿಷಕ್ಕೆ, ಎರಡೂ ಕೈಯಲ್ಲಿ ಚೀಲ ಹಿಡಿದು ಲೂಪೆ ಬಂದಳು. ಕಲೊಲೈನೆಯ ಚಿಕ್ಕಮ್ಮ, ಚರ್ಚಿನ ಮಹಿಳಾ ಸಂಘದ ಮುಖ್ಯಸ್ಥೆ. ಅವಳಿಗೆ ಹೇಳಿದ ಸುದ್ದಿ ರೇಡಿಯೋಗಿಂತ ಮೊದಲು ಊರು ಮುಟ್ಟುತ್ತದೆ. ಲಿಸಿಯಾಟೆ ಕಡ್ಡಿಯನ್ನು ಅಂಗಿಯ ತೋಳಿನೊಳಗೆ ತೂರಿಸಿದ.

“ಸಿಕ್ತೇನಪ್ಪಾ ಟ್ಯಾಂಕು?”

ಅವನು ಕಡ್ಡಿಯನ್ನು ಇನ್ನಷ್ಟು ಒಳಕ್ಕೆ ತಳ್ಳಿದ. ಕಲೊ ಬಾಯಿಬಿಟ್ಟಿದ್ದಾಳೆ! ಇನ್ನು ಮುಚ್ಚಿಟ್ಟು ಫಲವಿಲ್ಲ. “ಸಿಕ್ತು ಚಿಕ್ಕಮ್ಮಾ,” ಎಂದ ತಲೆತಗ್ಗಿಸಿ.

“ಎಲ್ಲಿ?”

“ಇಲ್ಲೇ, ನನ್ನ ಹತ್ರಾನೇ ಇದೆ.”

“ಹಣ ಕಟ್ಟಿ ಚೀಟಿ ಇಟ್ಕೊಂಡಿದೀಯ ಅನ್ನು. ಎಷ್ಟು ಜನಕ್ಕೆ ಒಳ್ಳೇದಾಗುತ್ತಪ್ಪಾ ನಿನ್ನಿಂದ!”

“ನಾನೊಬ್ಬ ಉದ್ಧಾರ ಆದ್ರೆ ಸಾಕು ಚಿಕ್ಕಮ್ಮ.”

“ನೋಡು ವಿನಯ!” ಲೂಪೆ ಚೀಲ ಕೆಳಗಿಟ್ಟು ಅವನ ಎರಡೂ ಕೆನ್ನೆಗೆ ಮುತ್ತಿಟ್ಟಳು. “ನಿನ್ನ ಸೋಮಾರಿ ಅಂತಿದ್ದೆ, ಹೊಟ್ಟೆಬಾಕ ಅಂತಿದ್ದೆ. ಕಲೊ ಮದುವೆ ಮುರೀಲಿ ಅಂತ ಉಪವಾಸ ಕೂಡ ಮಾಡಿದ್ದೆ. ಎಲ್ಲಾ ಕ್ಷಮಿಸಿಬಿಡು.”

ಒಂದು ಸಿಗರೇಟು ಬಿಟ್ಟದ್ದಕ್ಕೆ ಇಷ್ಟೊಂದು ಗೌರವ ಸಿಗುವುದಾದರೆ ಇಪ್ಪತ್ತು ವರ್ಷದ ಹಿಂದೆಯೇ ಬಿಡಬಹುದಿತ್ತಲ್ಲ ಎಂದು ಲಿಸಿಯಾಟೆ ಯೋಚಿಸಿದ. ಲೂಪೆ ಹೋದ ಮೇಲೆ ಕಡ್ಡಿಯನ್ನು ತೆಗೆದು ನಿಧಾನವಾಗಿ ಎಳೆದ. ಬೆಚ್ಚನೆಯ ಮಾವಿನ ಆವಿ ಎದೆಗಿಳಿಯಿತು. ಒಂದು ತೊಟ್ಟೂ ಸೋರಲಿಲ್ಲ. ಆ ಕ್ಷಣ ಓಟಾಹುಹುವಿನಲ್ಲಿ ಅವನಿಗಿಂತ ಸುಖಿ ಇರಲಿಲ್ಲ.

ನಾಲ್ಕಕ್ಕೆ ಐದು ನಿಮಿಷ ಇರುವಾಗ ಅವನು ಸಭಾಂಗಣದ ಬಾಗಿಲಿಗೆ ಬಂದು, ಉಸಿರು ಬಿಗಿಹಿಡಿದು, ಮೂಸಲು ಅನುಕೂಲವಾಗುವಂತೆ ಕೊರಳು ಚಾಚಿ ನಿಂತ. ಹೆನೆಲೆ ಮೂಸಲಿಲ್ಲ. ತಾಳ ಹಾಕುವ ಕೋಲನ್ನು ಬದಿಗಿಟ್ಟು ಅವನನ್ನು ಬಾಚಿ ತಬ್ಬಿಕೊಂಡ. ಒಳಗೆ ನಲವತ್ತು ವಾದ್ಯಗಾರರು ಎದ್ದು ನಿಂತರು. ಮಹಿಳಾ ಸಂಘದವರು ಚಪ್ಪಾಳೆ ತಟ್ಟಿದರು. ಗೋಡೆ ಬದಿಯಲ್ಲಿ ನಿಂತಿದ್ದ ಕಲೊಲೈನೆ ಮಾತ್ರ ನೆಲ ನೋಡುತ್ತಿದ್ದಳು.

“ಕೇಳ್ರಪ್ಪಾ,” ಎಂದ ಹೆನೆಲೆ. “ಹೋದ ವರ್ಷ ಬಂದ ಚಂಡಮಾರುತ ಟೊಂಗಾದಲ್ಲಿ ನಮ್ಮೂರ ಚರ್ಚಿನ ಮಳೆನೀರಿನ ಟ್ಯಾಂಕನ್ನ ಎತ್ಕೊಂಡು ಹೋಗಿ ಸಮುದ್ರಕ್ಕೆ ಹಾಕ್ತು. ಅವತ್ತಿಂದ ಇಡೀ ಊರು ಬಕೆಟ್ ಹಿಡ್ಕೊಂಡು ಅಲೀತಾ ಇದೆ. ಯಾರಾದ್ರೂ ಕೊಡಿಸ್ರಪ್ಪಾ ಅಂತ ನಾನು ಕೇಳ್ತಾನೇ ಇದ್ದೆ. ಎಲ್ರೂ ಬೂಟು ನೋಡ್ಕೊಂಡು ಕೂತಿದ್ರಿ. ಈ ಮನುಷ್ಯ ಮಾತಾಡ್ಲಿಲ್ಲ. ಗುಟ್ಟಾಗಿ, ಒಬ್ಬನೇ, ಬೆಳಿಗ್ಗೆಯಿಂದ ಅಂಗಡಿ ಅಲೆದು ಟ್ಯಾಂಕ್ ಕೊಂಡಿದಾನೆ. ಇಪ್ಪತ್ತೈದು ಸಾವಿರ ಲೀಟರ್!”

ಆ ಅಂಕಿ ಎಲ್ಲಿಂದ ಬಂತೆಂದು ತಿಳಿಯಲು ಲಿಸಿಯಾಟೆ ಸುತ್ತ ನೋಡಿದ. ಬಾಗಿಲ ಬಳಿ ಫೆಲೆಟಿ, ಚಿಕ್ಕದು ಬೇಡ ಎಂದಿದ್ದೆನಲ್ಲ ಎಂಬಂತೆ ತಲೆಯಾಡಿಸಿದ.

ಅವನು ಹೆಂಡತಿಯ ಬಳಿ ಸರಿದ. “ಏನೇ ಇದು?”

“ಚಿಕ್ಕಮ್ಮ ಫೋನ್ ಮಾಡಿ ಎಲ್ಲಿ ನಿನ್ನ ಗಂಡ ಅಂದ್ಲು. ಪೆನ್ನಿನ ವಿಷ್ಯ ಹೇಳ್ಬೇಡ ಅಂದಿದ್ಯಲ್ಲಾ. ಟ್ಯಾಂಕ್ ಹುಡುಕಕ್ಕೆ ಹೋಗಿದಾನೆ ಅಂದೆ. ಅಷ್ಟೇ.”

ನಿಜ ಹೇಳಿಬಿಡಬೇಕೆಂದು ಅವನು ಬಾಯಿ ತೆರೆದ. ಅಷ್ಟರಲ್ಲಿ ಲೂಪೆ ಫೋನನ್ನು ಅವನ ಮುಖಕ್ಕೆ ಹಿಡಿದಳು. ಪರದೆಯ ಮೇಲೆ, ಟೊಂಗಾದವರ ಹಬ್ಬದ ಉಡುಗೆಯಾದ ಚಾಪೆಯನ್ನು ಸೊಂಟಕ್ಕೆ ಸುತ್ತಿಕೊಂಡು, ಊರಿನಲ್ಲಿದ್ದ ಅವನ ಅಪ್ಪನ ಅಕ್ಕ ಕೂತಿದ್ದಳು. ಸೋದರತ್ತೆಗೆ ಇಲ್ಲ ಎನ್ನುವ ಟೊಂಗಾದವನು ಇನ್ನೂ ಹುಟ್ಟಿಲ್ಲ. ಅವಳ ಹಿಂದೆ ಹತ್ತಿಪ್ಪತ್ತು ಗಂಡಸರು ಗುದ್ದಲಿ ಹಿಡಿದು ಟ್ಯಾಂಕು ಕೂರಿಸಲು ನೆಲ ಸಮ ಮಾಡುತ್ತಿದ್ದರು.

“ನಿಜಾನೇನೋ? ಟ್ಯಾಂಕ್ ತಗೊಂಡ್ಯಾ?”

ಲಿಸಿಯಾಟೆ ಸುಳ್ಳು ಹೇಳಲಿಲ್ಲ. “ತಗೊಂಡೆ ಅತ್ತೆ,” ಎಂದ.

ಸಾಗರದ ಆಚೆ ಕೇಕೆ ಎದ್ದಿತು. ಈಚೆ ಹೆನೆಲೆ ಕೈಯೆತ್ತಿ ಘೋಷಿಸಿದ: “ನಾಳೆ ಟ್ಯಾಂಕಿನ ದಾನಿಯೇ ಸ್ತೋತ್ರ ನುಡಿಸ್ತಾನೆ. ಯಾರು ಸ್ತೋತ್ರ ನುಡಿಸ್ತಾರೋ, ಟ್ಯಾಂಕಿನ ಮೇಲೆ ಅವರದೇ ಹೆಸರು!”

ಲಿಸಿಯಾಟೆಯ ಕಾರು, ಫ್ರಿಜ್ಜು, ಹಲ್ಲಿನ ಸೆಟ್ಟು ಎಲ್ಲ ಮಾರಿದರೂ ಆ ಟ್ಯಾಂಕಿನ ಮುಚ್ಚಳ ಬರುವಂತಿರಲಿಲ್ಲ. ಒಂದೇ ದಾರಿ ಕಂಡಿತು. ಬಾಗಿಲ ಬಳಿ ಫೆಲೆಟಿಯ ಜೇಬಿನಿಂದ ಸಿಗರೇಟೊಂದನ್ನು ಕಸಿದು, ಹಿತ್ತಲಿಗೆ ಹೋಗಿ ನಾಲ್ಕೇ ದಮ್ಮಿಗೆ ಬೂದಿ ಮಾಡಿ, ಬಿಸಿಯಾರುವ ಮೊದಲೇ ಬಂದು ಹೆನೆಲೆಯ ಮೂಗಿಗೆ ನೇರವಾಗಿ ಊದಿದ.

ಹೆನೆಲೆ ಕಣ್ಣು ಮುಚ್ಚಿ ಮೂಸಿದ. “ನಾಳೆಯ ಊಟಕ್ಕೆ ಹಿತ್ತಲಲ್ಲಿ ನೆಲದೊಲೆ ಹೊತ್ತಿಸಿದಾರೆ.”

“ಒಲೆ ಅಲ್ಲ ಮಾಸ್ತರೇ, ಸಿಗರೇಟು! ಸೇದಿದೆ! ಮೂರನೇ ಸಲ ಸಿಕ್ಕಿಬಿದ್ದೆ!”

“ಗೊತ್ತಾಯ್ತು ಕಣೋ,” ಎಂದು ಹೆನೆಲೆ ಅವನ ಬೆನ್ನು ಸವರಿದ. “ಊರಿಗೇ ನೀರು ಕುಡಿಸೋನು. ಒಂದು ಸೇದಿದ್ರೆ ಏನಾಯ್ತು, ಸೇದು.”

ಲಿಸಿಯಾಟೆ ಯುಫೋನಿಯಂ ಸಾಲಿನತ್ತ ತಿರುಗಿದ. ಥಳಥಳ ಹೊಳೆಯುವ ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ತೊಮಾಸಿ ಕೂತಿದ್ದ. ಲಿಸಿಯಾಟೆ ಅವನ ಪಕ್ಕ ಕುಕ್ಕರಿಸಿ, ಸ್ತೋತ್ರದ ಹಾಳೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ.

“ತೊಮಾಸಿ, ನೀನೇ ನುಡಿಸಪ್ಪ. ನಿನ್ನಷ್ಟು ಇಂಪಾಗಿ ನಂಗೆ ಬರಲ್ಲ. ಹೆಸರೂ ನಿಂದೇ ಇರ್ಲಿ.”

ತೊಮಾಸಿ ಹಾಳೆಯನ್ನು ನೋಡಿದ. ವರ್ಷಗಟ್ಟಲೆ ಅವನು ಕನಸಿನಲ್ಲಿ ಕಂಡ ಹಾಳೆ ಅದು. ಕೈ ಅರ್ಧದವರೆಗೆ ಬಂತು.

“ಸ್ತೋತ್ರ ಅಷ್ಟೇನಾ ಭಾವ,” ಎಂದು ಕೇಳಿದ, “ಟ್ಯಾಂಕಿನ ಬಿಲ್ ಸಮೇತಾನಾ?”

ಲಿಸಿಯಾಟೆ ಹಾಳೆಯನ್ನು ಇನ್ನಷ್ಟು ಮುಂದೆ ಚಾಚಿದ. “ಸಮೇತ.”

ತೊಮಾಸಿ ಕೈ ಹಿಂದಕ್ಕೆಳೆದು ಎರಡೂ ತೊಡೆಗಳ ಅಡಿಗೆ ಭದ್ರವಾಗಿ ಸೇರಿಸಿಕೊಂಡ.

“ಸಾಧ್ಯವೇ ಇಲ್ಲ,” ಎಂದ.