ನಮ್ಮ ಮನೆಯ ಅಡ್ಮಿನಿಸ್ಟ್ರೇಟರ್

ನನಗೆ ಅಧಿಕಾರ ಬಂದದ್ದು ನಿವೃತ್ತಿಯಾದ ಮೇಲೆ. ಕಚೇರಿಯಲ್ಲಿದ್ದಷ್ಟು ಕಾಲ ನನ್ನ ಸಹಿ ಬೇಕಾಗುತ್ತಿದ್ದುದು ಹಾಜರಿಗೆ ಮಾತ್ರ. ನಾನು ಬೇಡವೆಂದರೆ ನಿಂತುಹೋಗುವಂಥ ಒಂದು ಕೆಲಸವೂ ಆ ಕಟ್ಟಡದಲ್ಲಿರಲಿಲ್ಲ. ಅಂಥವನು ಕಾಕ್ಸ್ ಟೌನಿನ ನಮ್ಮ ಪುಟ್ಟ ಫ್ಲ್ಯಾಟಿನಲ್ಲಿ ಅಡ್ಮಿನಿಸ್ಟ್ರೇಟರ್ ಆದೆ. ಆಳಲು ಸಿಕ್ಕಿದ್ದು ಒಂದು ಕಂಪ್ಯೂಟರು ಮತ್ತು, ಕಂಪ್ಯೂಟರಿನ ಮಟ್ಟಿಗೆ ಮಾತ್ರ, ಒಬ್ಬ ಹೆಂಡತಿ.

ನನ್ನ ಹೆಂಡತಿ ವಸುಧಾ ಶಾಲೆಯಲ್ಲಿ ಕನ್ನಡ ಮೇಡಂ ಆಗಿದ್ದವಳು. ಯಾರಾದರೂ ಮರ್ಯಾದೆಯಿಂದ ಏನಾದರೂ ಕೇಳಿದರೆ ಇಲ್ಲವೆನ್ನಲು ಅವಳಿಗೆ ಬಾಯಿ ಬರುವುದಿಲ್ಲ. ಕಂಪ್ಯೂಟರೂ ಮರ್ಯಾದೆಯಿಂದಲೇ ಕೇಳುತ್ತದೆ. ಪರದೆ ಇದ್ದಕ್ಕಿದ್ದಂತೆ ಮಂಕಾಗಿ, ನಡುವೆ ಒಂದು ಚೌಕ ಮೂಡಿ, ಈ ಆ್ಯಪ್ ನಿಮ್ಮ ಕಂಪ್ಯೂಟರಿನಲ್ಲಿ ಬದಲಾವಣೆ ಮಾಡಲು ಒಪ್ಪಿಗೆಯೇ ಎನ್ನುತ್ತದೆ. "ಪಾಪ, ಮಾಡ್ಕೊಳ್ಲಿ ಬಿಡಿ" ಎಂದು ಇವಳು ಹೌದು ಒತ್ತುತ್ತಿದ್ದಳು. ಹಾಗೆ ಒಳಗೆ ಬಂದವರಲ್ಲಿ ಒಬ್ಬ ದಿನಾ ಹವಾಮಾನ ಹೇಳುತ್ತಿದ್ದ, ಇನ್ನೊಬ್ಬ ರಾಶಿಫಲ ಹೇಳುತ್ತಿದ್ದ. ಕೊನೆಗೆ ಬಂದವನು ಕಂಪ್ಯೂಟರನ್ನು ಶುಚಿ ಮಾಡುತ್ತೇನೆಂದು ಹೇಳಿ, ಪರದೆಯ ತುಂಬ ಜಾಹೀರಾತಿನ ಸಂತೆ ಹೂಡಿಬಿಟ್ಟ.

ಅವನನ್ನು ಹೊರಗಟ್ಟಿದವನು ಕೆಳಗಿನ ಮನೆಯ ಇಮ್ತಿಯಾಜ್. ಅವನದು ಶಿವಾಜಿನಗರದಲ್ಲಿ ಕಂಪ್ಯೂಟರ್ ಅಂಗಡಿ. "ಅಂಕಲ್, ಎಲ್ಲದಕ್ಕೂ ಯೆಸ್ ಅಂದ್ರೆ ಹಿಂಗೇ ಆಗೋದು. ನೀವೊಬ್ರೇ ಅಡ್ಮಿನ್ ಇರಿ, ಆಂಟಿ ಮಾಮೂಲಿ ಯೂಸರ್ ಆಗಿರ್ಲಿ. ಹೊಸದೇನಾದ್ರೂ ಹಾಕ್ಬೇಕಂದ್ರೆ ಅದು ನಿಮ್ಮ ಪಾಸ್‌ವರ್ಡ್ ಕೇಳುತ್ತೆ. ಯಾರಿಗೂ ಹೇಳ್ಬೇಡಿ, ಆಂಟಿಗೂ." ಪಾಸ್‌ವರ್ಡ್ ಮರೆಯಬಾರದು, ಯಾರೂ ಊಹಿಸಲೂ ಬಾರದು. ನಾನು ತುಸು ಯೋಚಿಸಿ ಒಂದನ್ನು ಇಟ್ಟೆ, ನನ್ನ ಜಾಣತನಕ್ಕೆ ನಾನೇ ನಕ್ಕೆ.

ಅಲ್ಲಿಂದ ನನ್ನ ಆಡಳಿತ ಶುರುವಾಯಿತು. ಚೌಕ ಮೂಡಿದಾಗಲೆಲ್ಲ ವಸುಧಾ ನನ್ನನ್ನು ಕರೆಯಬೇಕು. ನಾನು ನಿಧಾನವಾಗಿ ಬಂದು, ಕನ್ನಡಕ ಏರಿಸಿ, ಬಹುಪಾಲು ಬೇಡ ಎಂದೇ ಒತ್ತುತ್ತಿದ್ದೆ. ಅಪರೂಪಕ್ಕೆ ಒಪ್ಪಿದರೂ ಪಾಸ್‌ವರ್ಡ್ ಹೊಡೆಯುವಾಗ ಅವಳು ಆ ಕಡೆ ತಿರುಗಬೇಕು. "ಇದೇನ್ರೀ, ಬಟ್ಟೆ ಬದಲಾಯಿಸ್ತಿದೀರಾ?" ಎಂದು ಗೊಣಗುತ್ತ ತಿರುಗುತ್ತಿದ್ದಳು.

ಹೀಗಿರುವಾಗ ಅವಳಿಗೊಂದು ಕರೆ ಬಂತು. ಊರಿಗೆ ಹೊಸದಾಗಿ ಬಂದವರಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುವ ಸಂಸ್ಥೆಯೊಂದು, ಮಾದರಿಗೆ ಒಂದು ಪಾಠ ಮಾಡಿ ತೋರಿಸಿ ಎಂದಿತ್ತು. ಶಾಲೆ ಬಿಟ್ಟ ಮೇಲೆ ಅವಳ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ. ಪಾಠದ ದಿನ ಬೆಳಿಗ್ಗೆ ಅವಳು ಹೊತ್ತಿಗೆ ಬಹಳ ಮೊದಲೇ ಇಸ್ತ್ರಿ ಮಾಡಿದ ಸೀರೆಯುಟ್ಟು ಕಂಪ್ಯೂಟರಿನ ಮುಂದೆ ಕುಳಿತಳು. ಸದ್ದು ಮಾಡಬಾರದೆಂದು ನಾನು ಮಿಕ್ಸಿ ಜಾರು ರಿಪೇರಿಗೆ ಹಿಡಿದುಕೊಂಡು ಶಿವಾಜಿನಗರಕ್ಕೆ ಹೋದೆ.

ವಾಪಸು ಬರುವ ಬಸ್ಸು ತುಂಬಿತ್ತು. ಜಾರನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾಗ ಫೋನು ಬಂತು.

"ರೀ, ಅವರ ಆ್ಯಪ್ ಹಾಕ್ಕೊಂಡ್ರೇನೇ ಪಾಠವಂತೆ. ಅದು ನಿಮ್ಮ ಪಾಸ್‌ವರ್ಡ್ ಕೇಳ್ತಿದೆ. ಬೇಗ ಹೇಳಿ, ಎಲ್ಲಾ ಕಾಯ್ತಿದಾರೆ!"

ಬಾಯಿಗೆ ಕೈ ಅಡ್ಡ ಹಿಡಿದು, "ವಸುಧಾಗೆ ಹೇಳ್ಬೇಡ" ಎಂದೆ.

"ಯಾವ ವಸುಧಾ? ನಾನೇ ರೀ ವಸುಧಾ!"

"ಗೊತ್ತು ಕಣೇ. ವಸುಧಾಗೆ ಹೇಳ್ಬೇಡ."

"ನಾನು ಯಾರಿಗೂ ಹೇಳಲ್ಲ, ಮೊದ್ಲು ನೀವು ನಂಗೆ ಹೇಳಿ!" ಅವಳ ದನಿ ಅಳುವ ಹಂತಕ್ಕೆ ಬಂದಿತ್ತು, ನನ್ನ ದನಿ ಬಸ್ಸಿಗೆಲ್ಲ ಕೇಳುವಷ್ಟು ಏರಿತ್ತು. ಮುಂದಿನ ಸೀಟಿನ ಬುರ್ಖಾ ತೊಟ್ಟ ಹಿರಿಯಾಕೆ ಹಿಂದಕ್ಕೆ ತಿರುಗಿ, "ಹೇಳ್ಬಿಡಿ ಭಾಯ್, ಮನೆಯೋರ ಹತ್ರ ಏನು ಮುಚ್ಚುಮರೆ?" ಎಂದರು.

"ಅಯ್ಯೋ, ಅದೇ ಪಾಸ್‌ವರ್ಡು!" ಎಂದು ಕೂಗಿದೆ.

ಬಸ್ಸಿನವರೆಲ್ಲ ನನ್ನ ಕಡೆ ತಿರುಗಿದರು. ಆಮೇಲೆ, ತಪ್ಪು ಮಾಡಿದ ಹುಡುಗನನ್ನು ಕರಿಹಲಗೆಯ ಬಳಿಗೆ ಕರೆಯುವ ದನಿಯಲ್ಲಿ ವಸುಧಾ ಕೇಳಿದಳು: "ಸ್ಪೆಲ್ಲಿಂಗ್?"

ಇಂಗ್ಲಿಷ್ ಅಕ್ಷರ ಒಂದೊಂದಾಗಿ ಒಪ್ಪಿಸಿದೆ. ಹಿಂದಿನಿಂದ ಯಾರೋ, "ಸಾರ್, 'ಧಾ'ಗೆ ಎಚ್ ಇದ್ಯಾ?" ಎಂದು ವಿಚಾರಿಸಿದರು. ನಾನು ಇಳಿಯುವಾಗ ಕಂಡಕ್ಟರು, "ಸಾರ್, ಮನೆಗೆ ಹುಷಾರಾಗಿ ಹೋಗಿ" ಎಂದ.

ಹುಷಾರಾಗಿಯೇ ಹೋದೆ. ಬಾಗಿಲ ಹೊರಗೇ ಅವಳ ಪಾಠ ಕೇಳುತ್ತಿತ್ತು. "ಹೇಳ್ತೀನಿ, ಹೇಳ್ತೀಯಾ, ಹೇಳ್ತಾರೆ" ಎಂದು ಅವಳು ಹೇಳಿಕೊಡುತ್ತಿದ್ದಳು, ಯಾರ್‍ಯಾರೋ ತೊದಲುತ್ತ ಹೇಳುತ್ತಿದ್ದರು. ಮುಗಿದ ಮೇಲೆ ಹೊರಗೆ ಬಂದು, "ಸೋಮವಾರದಿಂದ ಕ್ಲಾಸಂತೆ" ಎಂದಳು. ಆಮೇಲೆ, "ಪಾಸ್‌ವರ್ಡ್‌ನಲ್ಲಾದ್ರೂ ನನ್ನ ಹೆಸರಿಟ್ಟಿದ್ರಲ್ಲ, ಸಂತೋಷ" ಎಂದು ಸೇರಿಸಿದಳು. ಅವಳು ಜಗಳವಾಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಈಗ ಅಡ್ಮಿನಿಸ್ಟ್ರೇಟರ್ ಅವಳು, ನಾನು ಮಾಮೂಲಿ ಯೂಸರ್. ಮೊನ್ನೆ ಒಂದು ಚೆಸ್ ಆಟ ಹಾಕಿಕೊಳ್ಳಲು ಹೋದೆ, ಚೌಕ ಮೂಡಿತು, ಅವಳನ್ನು ಕರೆದೆ. ಅವಳು ಬಂದು ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಓದಿದಳು. "ಇದನ್ನ ಮಾಡಿದೋರು ಯಾರು ಅಂತಾನೇ ಇಲ್ವಲ್ಲ, ನೋಡಿದ್ರಾ?"

ಅದೆಲ್ಲ ಆ ಚೌಕದೊಳಗೇ ಬರೆದಿರುತ್ತದೆಂದು ನನಗೆ ಗೊತ್ತಾದದ್ದು ಆಗ. ಇಷ್ಟು ದಿನ ಅವಳು ಓದದೆ ಹೌದು ಅನ್ನುತ್ತಿದ್ದಳು, ನಾನು ಓದದೆ ಬೇಡ ಅನ್ನುತ್ತಿದ್ದೆ. ಅವಳು ಬೇಡ ಒತ್ತಿ, ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಪಾಠಕ್ಕೆ ಕುಳಿತಳು.

ಸದ್ಯ ಇಮ್ತಿಯಾಜನ ತಂದೆಯ ಜೊತೆ ಮರದ ಮಣೆಯ ಮೇಲೆ ಚೆಸ್ ಆಡುತ್ತೇನೆ. ಅವರು ಏನು ಮಾಡುವುದಕ್ಕೂ ನನ್ನ ಒಪ್ಪಿಗೆ ಕೇಳುವುದಿಲ್ಲ. ದಿನಾ ಸುಮ್ಮನೆ ಸೋಲಿಸುತ್ತಾರೆ.