ಅಮ್ಮನ ಸೀರೆಗೆ ಚುಕ್ಕಿ ಇಟ್ಟ ಚೈನ್ ಅವರಿಗೆ

ಶ್ರೀಯುತ ಚೈನ್ ಅವರಿಗೆ,
ನನ್ನ ಮೋಟಾರ್ ಸೈಕಲ್ಲಿನ ಎಡಮಗ್ಗುಲು,
ನ್ಯೂಟೌನ್, ಭದ್ರಾವತಿ.
ಮಾರ್ಚ್ 1998

ಮಾನ್ಯರೇ,

ತಮ್ಮ ನೂರು ಚಿಲ್ಲರೆ ಕೊಂಡಿಗಳೂ ತುಕ್ಕು ಹಿಡಿಯದೆ, ಸಡಿಲವಾಗದೆ ಸುಖವಾಗಿರಲೆಂದು ಹಾರೈಸುತ್ತಾ, ಇಲ್ಲಿ ನಾವು ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡದಷ್ಟು ಕ್ಷೇಮವಾಗಿದ್ದೇವೆ ಎಂದು ಅರಿಕೆ ಮಾಡಿಕೊಳ್ಳುತ್ತೇನೆ. ಈ ಪತ್ರವನ್ನು ಗುಟ್ಟಾಗಿ ಬರೆಯಬಹುದಿತ್ತು. ಆದರೆ ವಿಷಯ ಆಗಲೇ ಕೇರಿಗೆಲ್ಲ ಗೊತ್ತಾಗಿರುವುದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕಳೆದ ಭಾನುವಾರ ಆಯನೂರಿನ ಮೂರ್ತಪ್ಪನವರ ಮಗಳು ವೀಣಾಳನ್ನು ನೋಡಲು ನಾನೂ ನನ್ನ ಅಮ್ಮ ಲಿಂಗಮ್ಮನೂ ಹೊರಟಿದ್ದು ತಮಗೆ ತಿಳಿಯದ್ದೇನಲ್ಲ. ಇದಕ್ಕೆ ಮುಂಚೆ ಎರಡು ಕಡೆ ಜಾತಕ ಕೂಡಲಿಲ್ಲವೆಂದು ಹೇಳಿಸಿಕೊಂಡವನು ನಾನು, ವಯಸ್ಸು ಮೂವತ್ತೆರಡು ದಾಟಿದೆ. ವೀಣಾಳ ಫೋಟೋವನ್ನು ಹದಿನೈದು ದಿನ ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೋಗಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಈ ಹುಡುಗಿಯೇ ಆಗಬೇಕೆಂದು ಮನಸ್ಸು ಪಟ್ಟು ಹಿಡಿದಿತ್ತು. ಅಮ್ಮ "ಬಸ್ಸಲ್ಲೇ ಹೋಗೋಣ ಮಾರಾಯ, ರೇಷ್ಮೆ ಸೀರೆ ಉಟ್ಕೊಂಡು ಅಷ್ಟು ದೂರ ಬೈಕಲ್ಲಿ ಆಗಲ್ಲ" ಎಂದಳು. ಹುಡುಗನಿಗೆ ಬೈಕಿದೆ ಎಂಬುದು ಹೆಣ್ಣಿನ ಕಡೆಯವರ ಕಣ್ಣಿಗೆ ಬೀಳುವುದು ಬೇಡವೇ ಎಂದು ನಾನೇ ಅವಳನ್ನು ಒಪ್ಪಿಸಿದೆ.

ಅಂದು ಬೆಳಿಗ್ಗೆ ತಮ್ಮ ಸೇವೆಗೆ ಕುಳಿತೆ. ಬೈಕನ್ನು ಸೆಂಟರ್ ಸ್ಟ್ಯಾಂಡಿಗೆ ಹಾಕಿ, ತಮ್ಮನ್ನು ಮುಚ್ಚಿದ್ದ ತಗಡಿನ ಕವರು ಬಿಚ್ಚಿ, ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ, ಅಮ್ಮ ಸ್ಟೌವಿಗೆಂದು ಇಟ್ಟಿದ್ದ ಸೀಮೆಎಣ್ಣೆಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು ಅದ್ದಿ ತಮ್ಮ ಒಂದೊಂದು ಕೊಂಡಿಯನ್ನೂ ಉಜ್ಜಿದೆ. ತಾವು ಬೆಳ್ಳಿಯ ಉಡಿದಾರದಂತೆ ಹೊಳೆದಿರಿ. ಇಂಥ ಚೆಲುವನ್ನು ಮತ್ತೆ ತಗಡಿನೊಳಗೆ ಹಾಕುವುದು ಪಾಪವೆನಿಸಿ ಕವರನ್ನು ಮನೆಯಲ್ಲೇ ಬಿಟ್ಟೆ. ಇನ್ನು ಎಣ್ಣೆಯ ವಿಚಾರ. ಕೊಂಡಿಗೊಂದು ಹನಿ ಬಿಟ್ಟು, ಸಾಕಷ್ಟು ಹೊತ್ತು ಇಂಗಲು ಬಿಟ್ಟು, ಮಿಕ್ಕದ್ದನ್ನು ಬಟ್ಟೆಯಲ್ಲಿ ಒರೆಸಿರಿ ಎಂದು ಬೈಕಿನ ಜೊತೆ ಬಂದ ಪುಸ್ತಕದಲ್ಲಿತ್ತು. ಹನ್ನೊಂದು ವರ್ಷದಿಂದ ಕಾರ್ಖಾನೆಯ ಕ್ರೇನುಗಳಿಗೆ ಡಬ್ಬಿಗಟ್ಟಲೆ ಎಣ್ಣೆ ಸುರಿದ ಫಿಟ್ಟರ್ ನಾನು. ನೆಲಕ್ಕೆ ತೊಟ್ಟಿಕ್ಕದಿದ್ದರೆ ಎಣ್ಣೆ ಹಾಕಿದ್ದೇ ಅಲ್ಲ ಎಂದು ಕಲಿತವನು. ನನಗೆ ಒಂದು ಹನಿಯ ಉಪದೇಶವೇ? ತೊಟ್ಟಿಕ್ಕುವಷ್ಟು ಸುರಿದೆ, ಒರೆಸುವ ಗೋಜಿಗೆ ಹೋಗಲಿಲ್ಲ, ಅಮ್ಮನನ್ನು ಎಡಕ್ಕೆ ಕಾಲು ಇಳಿಬಿಟ್ಟು ಕೂರಿಸಿಕೊಂಡು ಹೊರಟೇಬಿಟ್ಟೆ.

ತಮ್ಮ ಔದಾರ್ಯವನ್ನು ಏನೆಂದು ಹೊಗಳಲಿ! ಕೊಟ್ಟದ್ದರಲ್ಲಿ ಒಂದು ತೊಟ್ಟನ್ನೂ ಸ್ವಂತಕ್ಕೆ ಇಟ್ಟುಕೊಳ್ಳದೆ, ಮಾಚೇನಹಳ್ಳಿಯಿಂದಲೇ ಶುರುಮಾಡಿ, ಶಿವಮೊಗ್ಗ ದಾಟಿ ಆಯನೂರು ಸೇರುವವರೆಗೆ ಅಮ್ಮನ ತಿಳಿಹಳದಿ ಸೀರೆಗೆ ಧಾರಾಳವಾಗಿ ದಾನ ಮಾಡಿದಿರಿ. ನೇಕಾರ ನೇಯ್ದ ಜರಿಯಂಚಿನ ಮೇಲೆ ಮೊಣಕಾಲಿನವರೆಗೆ ತಾವು ಕರಿಚುಕ್ಕಿಯ ಇನ್ನೊಂದು ಅಂಚು ಕೂಡಿಸಿದಿರಿ. ಅಪ್ಪ ತೀರಿಕೊಳ್ಳುವ ಹಿಂದಿನ ದೀಪಾವಳಿಗೆ ತಂದುಕೊಟ್ಟ ಸೀರೆ ಅದು.

ಮೂರ್ತಪ್ಪನವರ ಅಂಗಳದಲ್ಲಿ ತಾವು ಎಲ್ಲರಿಗೂ ಚೆನ್ನಾಗಿ ಕಾಣಲೆಂದು ಬೈಕನ್ನು ಓರೆಯಾಗಿ ನಿಲ್ಲಿಸಿದೆ. ಯಾರೂ ತಮ್ಮನ್ನು ನೋಡಲಿಲ್ಲ. ಅಮ್ಮ ಸೀರೆ ನೋಡಿಕೊಂಡು ನಿಂತಲ್ಲೇ ನಿಂತಳು. ಆಗ ನಾನು ನಗುತ್ತಾ "ಏನಿಲ್ಲ, ಚೈನ್ ಆಯಿಲ್ ಅಷ್ಟೆ. ಬೆಳಿಗ್ಗೆ ನಾನೇ ಕ್ಲೀನ್ ಮಾಡ್ದೆ, ಹೆಂಗೆ ಹೊಳೀತಿದೆ ನೋಡಿ" ಎಂದದ್ದು ತಮಗೂ ಕೇಳಿಸಿರಬೇಕು. ಬಾಗಿಲಿಗೆ ಬಂದಿದ್ದ ವೀಣಾ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಅಮ್ಮನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ತನ್ನದೊಂದು ಸೀರೆ ಉಡಿಸಿ, ಸೀಗೆಪುಡಿ ಹಾಕಿ ಒಂದು ಗಂಟೆ ಉಜ್ಜಿದಳಂತೆ. ಕಲೆ ಹೋಗಲಿಲ್ಲ. ವಾಪಸ್ಸು ಬರುವಾಗ ಅಮ್ಮ ಒದ್ದೆ ಸೀರೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಒಬ್ಬಳೇ ಬಂದಳು.

ಬುಧವಾರ ಎದುರು ಮನೆಗೆ ಮೂರ್ತಪ್ಪನವರ ಫೋನು ಬಂತು. ಜಾತಕದ ಮಾತನ್ನೇ ಅವರು ಎತ್ತಲಿಲ್ಲ. "ಹುಡುಗಿ ಒಂದು ಮಾತು ಕೇಳ್ತಾಳೆ ಕಣಪ್ಪ. ಚೈನ್ ಹೊಳಪು ಕಾಣ್ಲಿ ಅಂತ ಹೆತ್ತಮ್ಮ ಕೂರೋ ಜಾಗ ಮರೆತೋರು, ನಾಳೆ ಅಲ್ಲಿ ನಾನು ಕೂತಾಗ ನೆನಪಿಟ್ಕೋತಾರಾ ಅಂತ. ನನ್ನ ಹತ್ರ ಉತ್ತರ ಇಲ್ಲ, ಬೇಜಾರು ಮಾಡ್ಕೋಬೇಡ" ಎಂದು ಇಟ್ಟುಬಿಟ್ಟರು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ ಏನೆಂದರೆ, ತಾವು ಖುದ್ದಾಗಿ ಆಯನೂರಿಗೆ ತೆವಳಿಕೊಂಡು ಹೋಗಿ, ಕವರು ಬಿಚ್ಚಿಕೊಂಡವರೂ ಎಣ್ಣೆ ಸುರಿದುಕೊಂಡವರೂ ತಾವೇ ಎಂದು ಮೂರ್ತಪ್ಪನವರಿಗೆ ಮುಚ್ಚಳಿಕೆ ಬರೆದುಕೊಡಬೇಕು. ಬರುವಾಗ ಸೀರೆಯ ಚುಕ್ಕಿಗಳನ್ನೆಲ್ಲ ಎಣಿಸಿ ವಾಪಸ್ಸು ಹೀರಿಕೊಳ್ಳಬೇಕು. ಸಾಧ್ಯವಾದರೆ ಆ ಭಾನುವಾರವನ್ನೇ ಹಿಂದಕ್ಕೆ ತಿರುಗಿಸಿ, ನಮ್ಮನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿಬಿಡಬೇಕು.

ತಮ್ಮ ವಿಶ್ವಾಸಿ, ತಮ್ಮನ್ನು ಇನ್ನೆಂದೂ ಮುಟ್ಟದ
ಶಶಿಧರ್, ಫಿಟ್ಟರ್

ಮರೆತಿದ್ದ ಮಾತು: ವೀಣಾ ಕೇಳಿದ್ದನ್ನು ನಿನ್ನೆ ಅಮ್ಮನಿಗೆ ತಿಳಿಸಿ, ಎಷ್ಟು ಸೊಕ್ಕು ನೋಡು ಆ ಹುಡುಗಿಗೆ ಎಂದೆ. ಭಾನುವಾರದಿಂದ ಮಾತು ಬಿಟ್ಟಿದ್ದ ಅಮ್ಮ ಆಗ ಬಾಯಿ ತೆರೆದಳು. "ಅಂಥ ಸೊಸೇನೇ ಕಣೋ ನಂಗೆ ಬೇಕಾಗಿದ್ದಿದ್ದು. ನೀನೊಬ್ಬ ಅಡ್ಡ ಬಂದೆ."